ಟರ್ಕಿ ಬೇಟೆಗೆ ಕಿವಿಯಾಗಿ ಹೋದದ್ದು

ಅಮೆರಿಕಕ್ಕೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವುದು ಎತ್ತರದ ಕಟ್ಟಡಗಳ ಬಗ್ಗೆ. ನಾನು ನೋಡಿದ್ದು ಒಂದು ಓಕ್ ಮರದ ಬುಡ. ಅದನ್ನು ಮಾತ್ರ ಬಹಳ ಚೆನ್ನಾಗಿ ನೋಡಿದ್ದೇನೆ. ಅದರ ತೊಗಟೆಯ ಗುರುತು ಜೇವರ್ಗಿಗೆ ಮರಳಿದ ಮೇಲೂ ನನ್ನ ಬೆನ್ನ ಮೇಲಿತ್ತು ಎಂದು ಹೆಂಡತಿ ಇವತ್ತಿಗೂ ನಗುತ್ತಾಳೆ. ನಗಲಿ. ಕೂತವನಿಗೆ ಗೊತ್ತು.

ಮುಂಬಯಿ ದಾಟುವ ತನಕ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಜೇವರ್ಗಿಯಲ್ಲಿ ಕೃಷಿ ಅಧಿಕಾರಿ. ಜೋಳ ಬೆಳೆಯುವ ನಮ್ಮ ರೈತರಿಗೆ ಪರದೇಶದ ಜೋಳ ತೋರಿಸಿಕೊಂಡು ಬರಬೇಕೆಂದು ಮೇಲಿನವರಲ್ಲಿ ಯಾರಿಗೋ ಹೊಳೆಯಿತು. ಆಳಂದ ತಾಲೂಕಿನ ಮಟಕಿಯ ಶರಣಪ್ಪಗೌಡರು ಆಯ್ಕೆಯಾದರು. ಆಳೆತ್ತರದ ಜೋಳ ಬೆಳೆದು ಬಹುಮಾನ ತೆಗೆದುಕೊಂಡವರು, ಊರಿನಲ್ಲಿ ನಾಲ್ಕು ಮಂದಿ ಮಾತು ಕೇಳುವ ಮನುಷ್ಯ. ಅವರಿಗೆ ಇಂಗ್ಲಿಷ್ ಬಾರದು. ನನಗೆ ಬರುತ್ತದೆಂದು ಕಚೇರಿಯಲ್ಲಿ ಒಂದು ತಪ್ಪು ತಿಳಿವಳಿಕೆ ಇತ್ತು. ಹೀಗಾಗಿ ದುಭಾಷಿಯೆಂದು ನನ್ನನ್ನು ಅವರ ಜೊತೆ ಕಟ್ಟಿ ಕಳಿಸಿದರು.

ನನ್ನ ಹೆಂಡತಿಯ ತವರು ಅಫಜಲಪುರ. ಅಳಿಯ ಸಮುದ್ರ ದಾಟುತ್ತಾನೆಂದು ಅತ್ತೆ ಒಂದು ಗಂಟು ಒಣ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಳಿಸಿದ್ದರು. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಗಂಟು ಬಿಚ್ಚಿಸಿ, ಒಂದು ರೊಟ್ಟಿಯನ್ನು ಬೆರಳಲ್ಲಿ ತಟ್ಟಿ, ಇದೇನು ಎಂದು ಕೇಳಿದ. ನಾನು ಇಂಗ್ಲಿಷ್ ಶಬ್ದ ಹುಡುಕುವಷ್ಟರಲ್ಲಿ ಗೌಡರು ಒಂದು ಚೂರು ಮುರಿದು ಕಟಕಟ ತಿಂದು, ಇನ್ನೊಂದು ಚೂರನ್ನು ಅವನ ಕೈಗೂ ಕೊಟ್ಟರು. ಅವನು ಅದನ್ನು ಬಾಯಿಗೆ ಹಾಕಲಿಲ್ಲ. ನಮ್ಮನ್ನು ಮಾತ್ರ ಬಿಟ್ಟ.

ವಿಮಾನದಲ್ಲಿ ನನ್ನ ಮೊಣಕಾಲು ಮಡಚಿದ್ದು ಮಡಚಿದಂತೇ ಇತ್ತು, ನಿದ್ದೆ ಹತ್ತಿರ ಸುಳಿಯಲಿಲ್ಲ. ಹಿಂದಿನ ಸೀಟಿನ ಹೆಂಗಸಿಗೆ ಗೌಡರ ಬಿಳಿ ರುಮಾಲಿನಿಂದಾಗಿ ಸಿನಿಮಾ ಕಾಣುತ್ತಿರಲಿಲ್ಲ. ಗಗನಸಖಿ ಬಂದು ವಿನಯದಿಂದ ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ.

"ನಮ್ಮಪ್ಪ ಸತ್ತಾಗ ಇಳಿಸಿದ್ದು ಬಿಟ್ರ ಇದು ತಲಿ ಬಿಟ್ಟು ಇಳಿದಿಲ್ರಿ ಸಾಹೇಬ್ರ," ಎಂದರು ಗೌಡರು. "ಸಿನಿಮಾದ ಸಲುವಾಗಿ ಇಳಸ್ಲೇನ್ರಿ?"

ಅವರಿಗೆ ತಲೆನೋವು, ಕ್ಷಮಿಸಬೇಕಂತೆ ಎಂದು ನಾನು ಗಗನಸಖಿಗೆ ಹೇಳಿದೆ. ಇಬ್ಬರ ನಡುವೆ ಮಾತು ದಾಟಿಸುವಾಗ ಚೂರು ಉಪ್ಪು ಕಡಿಮೆ ಮಾಡುವ ಆ ಚಾಳಿ ನನಗೆ ಅಲ್ಲಿಂದ ಅಂಟಿಕೊಂಡಿತು.

ಮಿಸ್ಸೂರಿ: ಜೋಳವಿಲ್ಲದ ಹೊಲ

ನಮಗೆ ಮನೆ ಕೊಟ್ಟವರು ಹೆರಾಲ್ಡ್ ಎಂಬ ರೈತ ಮತ್ತು ಅವರ ಹೆಂಡತಿ ರೂತ್. ಹೆರಾಲ್ಡ್ ಅರವತ್ತು ದಾಟಿದ, ಕಂಬದಂಥ ಮನುಷ್ಯ. ಕೈ ಕುಲುಕಿದರೆ ನಮ್ಮ ಕೈ ತಿರುಗಿ ಬರುತ್ತದೋ ಇಲ್ಲವೋ ಎನ್ನಿಸುತ್ತಿತ್ತು. ಮಾರನೆಯ ಬೆಳಿಗ್ಗೆ ನಮ್ಮನ್ನು ಹೊಲಕ್ಕೆ ಕರೆದೊಯ್ದರು. ಕಣ್ಣು ಹಾಯುವ ತನಕ ಕರಿ ಮಣ್ಣು, ಅದರ ಅಂಚಿಗೆ ಕಾಡು. ಬೆಳೆಯೆಂಬುದು ಏನೂ ಇಲ್ಲ.

"ಸಾಹೇಬ್ರ, ಹೊಲದಾಗ ಒಂದು ದಂಟಿಲ್ಲಲ್ರಿ!" ಎಂದರು ಗೌಡರು.

ನಾನು ವಿಚಾರಿಸಿದೆ. ಆ ಕಡೆ ಜೋಳ ಬಿತ್ತುವುದೇ ಮೇ ತಿಂಗಳ ಕೊನೆಗೆ. ನಾವು ಹೋದದ್ದು ಏಪ್ರಿಲ್‌ನಲ್ಲಿ.

"ಬಿತ್ತಾಕ ಇನ್ನಾ ತಿಂಗಳ ಮ್ಯಾಲ ಅದಂತ್ರಿ ಗೌಡ್ರ."

"ಮತ್ತ ನಾವು ಬಂದಿದ್ದು ಯಾಕ್ರಿ?"

"ಕಳಿಸ್ಯಾರ, ಬಂದೀವಿ."

ಪಾಪ, ಹೆರಾಲ್ಡ್ ಕಣಜದ ಬಾಗಿಲು ತೆಗೆದು ಹೋದ ವರ್ಷದ ಕೆಂಪು ಜೋಳವನ್ನಾದರೂ ತೋರಿಸಿದರು. ಇದನ್ನೆಲ್ಲ ದನಗಳಿಗೆ ಹಾಕುತ್ತೇವೆ ಎಂದರು. ಗೌಡರು ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ಬಹಳ ಹೊತ್ತು ನೋಡಿದರು.

"ಜೋಳಾ ದನಾ ತಿಂತಾವಂತೇನ್ರಿ? ಮತ್ತ ಮಂದಿ ಏನ್ ತಿಂತಾರ್ರಿ?"

"ಮಂದಿ ದನಾ ತಿಂತಾರ್ರಿ."

ಗೌಡರು ಕಾಳನ್ನು ತಿರುಗಿ ಕಣಜಕ್ಕೆ ಸುರಿದು ಕೈ ಒರೆಸಿಕೊಂಡರು. 

ನನ್ನ ಸಂಕಟ ಬೇರೆ. ಹೆರಾಲ್ಡ್ ಅವರನ್ನು ಮಳೆಯ ಬಗ್ಗೆ ಕೇಳಿದರೆ ಟ್ರ್ಯಾಕ್ಟರಿನ ಬಗ್ಗೆ ಹೇಳುತ್ತಿದ್ದರು. ಗೊಬ್ಬರದ ಬಗ್ಗೆ ಕೇಳಿದರೆ ನಗುತ್ತ "ಹೌದು, ಹೌದು" ಎಂದು ತಲೆಯಾಡಿಸುತ್ತಿದ್ದರು. ಒಮ್ಮೆಯೂ "ಏನಂದಿರಿ?" ಎಂದು ಕೇಳಿದವರಲ್ಲ. ನನ್ನ ಇಂಗ್ಲಿಷಿಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಬೈದುಕೊಂಡೆ. ರಾತ್ರಿ ಹಾಸಿಗೆಯಲ್ಲಿ ವಾಕ್ಯಗಳನ್ನು ಜೋಡಿಸಿಟ್ಟುಕೊಂಡು ಬೆಳಿಗ್ಗೆ ಹೇಳಿ ನೋಡಿದೆ. ಅದೇ ನಗು, ಅದೇ "ಹೌದು, ಹೌದು".

ಗೌಡರಿಗೆ ಮನೆಯೊಳಗಿನ ಸಂಡಾಸು ಹಿಡಿಸಲಿಲ್ಲ. ಅಡುಗೆಮನೆಯ ಗೋಡೆಗೇ ಹೊಂದಿಕೊಂಡ ಕೋಣೆಯಲ್ಲಿ ಅದು ಹೇಗಾದೀತೆಂಬುದು ಅವರ ಪ್ರಶ್ನೆ. ಬಣ್ಣದ ಖಾಲಿ ಡಬ್ಬಿಯೊಂದನ್ನು ತೊಳೆದು, ನೀರು ತುಂಬಿಕೊಂಡು, ಬೆಳಗಾಗುವ ಮೊದಲೇ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದರು. ನಮ್ಮ ಕಡೆ ಬಯಲಿಗೆ ಕೂತವನು ಹೆಜ್ಜೆ ಸದ್ದು ಕೇಳಿದರೆ ಒಮ್ಮೆ ಕೆಮ್ಮುತ್ತಾನೆ. ಬರುವವನು ಹಾದಿ ಬದಲಿಸುತ್ತಾನೆ. ಮಾತಿಲ್ಲದೆ ಎಲ್ಲರ ಮಾನ ಉಳಿಯುತ್ತದೆ. ಒಂದು ಬೆಳಿಗ್ಗೆ ಗೌಡರು ಕೆಂಪು ಮುಖ ಮಾಡಿಕೊಂಡು ಬಂದರು. ಹೆರಾಲ್ಡ್ ಎಂಬ ಹೆಸರು ಅವರ ಬಾಯಲ್ಲಿ ಹರಾಳಪ್ಪ ಆಗಿತ್ತು.

"ಈ ಹರಾಳಪ್ಪ ಹ್ಯಾಂಥಾ ಮನಶ್ಯಾ ಅದಾನ್ರಿ? ಕೆಮ್ಮಿದೆ, ಮತ್ತೊಮ್ಮಿ ಕೆಮ್ಮಿದೆ, ಗಂಟಲ ಹರಿಯೂ ಹಂಗ ಕೆಮ್ಮಿದೆ. ಸೀದಾ ಮೈಮ್ಯಾಲೇ ಬಂದ್ನಲ್ರಿ!"

ಪರದೇಶದವರಿಗೆ ಕೆಮ್ಮಿನ ಅರ್ಥ ಗೊತ್ತಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಿದೆ.

ರೂತ್ ಅವರ ಅಡುಗೆಮನೆ

ಗುಟ್ಟು ಒಡೆದದ್ದು ರೂತ್. ನಾನು ತಟ್ಟೆ ಒರೆಸಿ ಕೊಡುತ್ತಿದ್ದೆ. (ಊರಲ್ಲಿ ಈ ಸಂಗತಿ ಹೇಳಿಲ್ಲ, ಇಲ್ಲಿ ಹೇಳಿಬಿಟ್ಟೆ.) ನನ್ನ ಇಂಗ್ಲಿಷ್ ಕೆಟ್ಟದು, ಹೆರಾಲ್ಡ್ ಅವರಿಗೆ ತೊಂದರೆ ಆಗುತ್ತಿದೆ, ಕ್ಷಮಿಸಬೇಕು ಎಂದೆ.

ರೂತ್ ಕೈ ನಿಲ್ಲಿಸಿದರು. "ನಿಮ್ಮ ಇಂಗ್ಲಿಷ್ ಸರಿಯಾಗಿಯೇ ಇದೆ. ಅವನಿಗೆ ಕಿವಿ ಕೇಳಿಸುವುದಿಲ್ಲ," ಎಂದರು. "ಎದುರಿಗಿದ್ದರೆ ನನ್ನ ತುಟಿ ನೋಡಿ ತಿಳಿಯುತ್ತಾನೆ. ಹೊಸಬರದು ಅದೂ ಆಗದು. ಒಪ್ಪುವುದಿಲ್ಲ ಮಾತ್ರ. ಕೇಳಿದರೆ ಈಚೆಗೆ ಜನರೆಲ್ಲ ಗೊಣಗುತ್ತಾರೆ ಎನ್ನುತ್ತಾನೆ. ಕಾಡಿನ ಟರ್ಕಿ ಹಕ್ಕಿಗಳೂ ಮೊದಲಿನ ಹಾಗೆ ಕೂಗುವುದಿಲ್ಲವಂತೆ."

ಆಮೇಲೆ ಉಳಿದದ್ದನ್ನು ಹೇಳಿದರು. ಬೇಲಿಯ ಆಚೆ ಕ್ಲೈಡ್ ಎಂಬ ರೈತರ ಹೊಲ. ಹೆರಾಲ್ಡ್ ಮತ್ತು ಕ್ಲೈಡ್ ಸಣ್ಣವರಿದ್ದಾಗಿಂದ ಗೆಳೆಯರು, ಹುಲ್ಲು ಕಟ್ಟುವ ಯಂತ್ರವನ್ನೂ ಪಾಲಿನಲ್ಲಿ ಕೊಂಡವರು. ಹಿಂದಿನ ವರ್ಷ ಇದೇ ವಸಂತದಲ್ಲಿ, ಟರ್ಕಿ ಬೇಟೆಯ ಹೊತ್ತಿಗೆ, ಹೆರಾಲ್ಡ್ ಹಕ್ಕಿಗೆ ಹಾರಿಸಿದ ಗುಂಡಿನ ಒಂದೆರಡು ಸೀಸದ ಕಾಳು ಪೊದೆಯ ಹಿಂದಿದ್ದ ಕ್ಲೈಡ್ ಅವರ ಭುಜಕ್ಕೆ ಬಡಿದವು. ಗಾಯ ದೊಡ್ಡದಲ್ಲ, ಕ್ಲೈಡ್ ಯಾರಿಗೂ ದೂರು ಕೊಡಲಿಲ್ಲ. ಆದರೆ ಕಾಡಿನಲ್ಲಿ ಒಂದು ಕಟ್ಟಳೆ ಇದೆ: ಇನ್ನೊಬ್ಬ ಬೇಟೆಗಾರ ಕಂಡರೆ ಜೋರಾಗಿ ಕೂಗಿ ಹೇಳಬೇಕು. ನಾನು ಕೂಗಿದೆ ಎಂದರು ಕ್ಲೈಡ್. ನೀನು ಕೂಗಲಿಲ್ಲ, ಕೂಗಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ, ಕದ್ದು ನನ್ನ ಹಕ್ಕಿಯ ಹಿಂದೆ ಬಂದೆ, ಈಗ ಸುಳ್ಳು ಹೇಳುತ್ತೀ ಎಂದರು ಹೆರಾಲ್ಡ್. ಗುಂಡಿಗಿಂತ ಆ ಸುಳ್ಳುಗಾರ ಎಂಬ ಮಾತು ಕ್ಲೈಡ್ ಅವರಿಗೆ ಆಳಕ್ಕೆ ಹೊಕ್ಕಿತು. ವರ್ಷವಾಯಿತು, ಇಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗಿಲ್ಲ.

"ಕ್ಲೈಡ್ ಸುಳ್ಳು ಹೇಳುವವನಲ್ಲ," ಎಂದರು ರೂತ್. "ಅದು ನನಗೆ ಗೊತ್ತು. ಇವನಿಗೆ ಹೇಗೆ ಹೇಳಲಿ?"

ಈ ಸಲ ರೂತ್ ತೋಟಾಗಳನ್ನು ಕಪಾಟಿನಲ್ಲಿಟ್ಟು ಬೀಗದ ಕೈ ತಾವೇ ಇಟ್ಟುಕೊಂಡಿದ್ದರು. ಒಬ್ಬನೇ ಹೋಗಕೂಡದು, ಕಿವಿ ಇರುವವರು ಯಾರಾದರೂ ಜೊತೆಗಿರಬೇಕು. ನನ್ನ ಮುಖ ನೋಡಿದರು.

ಅಮ್ಮಾ, ನಾವು ಲಿಂಗ ಕಟ್ಟಿಕೊಂಡವರು, ಮಾಂಸ ಮುಟ್ಟುವವರಲ್ಲ ಎಂದೆ, ಕೊರಳಿಗೆ ಕೈ ಹೋಯಿತು. ಬಂದೂಕು ಮುಟ್ಟಬೇಡಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ, ಅಷ್ಟೇ ಎಂದರು. ಅವರ ಅನ್ನ ತಿಂದಿದ್ದೆ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಷ್ಟಕ್ಕೂ ಹಕ್ಕಿಗಳಿಗೂ ನನಗೂ ಇದ್ದ ಸಂಬಂಧವೇ ಬೇರೆ. ನನ್ನ ಹುಟ್ಟೂರು ಇಜೇರಿಯ ನಮ್ಮ ಹೊಲದಲ್ಲಿ ಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸಿ, "ಹೋಽಽ" ಎಂದು ಕೂಗಿ ಹಕ್ಕಿ ಓಡಿಸಿ ಬೆಳೆದವನು ನಾನು. ಹಕ್ಕಿಯನ್ನು ಕರೆದು ಕೂರಿಸಿಕೊಳ್ಳುವ ವಿದ್ಯೆ ನಮ್ಮ ಮನೆತನದಲ್ಲಿಲ್ಲ.

ಅಂಗಳದ ಪಾಠ

ಹೆರಾಲ್ಡ್ ಅಂಗಳದಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಪಾಠ ಮಾಡಿದರು. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗಿ ಟರ್ಕಿ ಬೇಟೆ ಕಲಿಯುವ ಪ್ರಸಂಗ ಬಂದರೆ, ನನಗೆ ಹಿಡಿದ ದಣಿವು ನಿಮಗೆ ಹಿಡಿಯದಿರಲಿ ಎಂದು ಹೇಳುತ್ತೇನೆ.

ಕಾಡು ಟರ್ಕಿಯೆಂಬುದು ಹೆಣ್ಣು ನವಿಲಿಗಿಂತ ದಪ್ಪ, ಕಪ್ಪು ಕಂದು ಮೈ. ಗಂಡಿನ ಎದೆಯಿಂದ ಕುದುರೆ ಬಾಲದ ಕೂದಲಿನಂಥ ಗೊಂಚಲೊಂದು ಜೋಲುತ್ತದೆ, ಅದಕ್ಕೆ ಗಡ್ಡ ಎನ್ನುತ್ತಾರೆ. ಗಡ್ಡ ಕಣ್ಣಾರೆ ಕಾಣುವ ತನಕ ಬಂದೂಕಿನ ಟ್ರಿಗರಿನ ಹತ್ತಿರ ಬೆರಳು ಹೋಗಬಾರದು. ಅದರ ಬೋಳು ತಲೆ ಕೆಂಪು, ಬಿಳಿ, ನೀಲಿ. ಅದಕ್ಕೇ ಈ ಮೂರು ಬಣ್ಣದ ಬಟ್ಟೆ, ಕಾಲುಚೀಲ, ಕರವಸ್ತ್ರ ಕೂಡ ಮೈಮೇಲೆ ಇರಕೂಡದು. ಪೊದೆಯಲ್ಲಿ ಬಿಳಿದು ಮಿಸುಕಿದರೆ ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಎಂದುಕೊಳ್ಳುತ್ತಾನೆ. ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು, ಹಿಂದಿನಿಂದ ಬರುವವನ ಗುಂಡು ಮರಕ್ಕೆ ಬೀಳುತ್ತದೆ. ಹಕ್ಕಿ ಕೂಗಿದ ಕಡೆಗೆ ನೀವು ತೆವಳಿ ಹೋಗಬೇಡಿ, ಅಲ್ಲಿ ಕೂಗಿದ್ದು ಮನುಷ್ಯನೂ ಇದ್ದಾನು. ಬೇಲಿ ದಾಟುವಾಗ ಬಂದೂಕು ಖಾಲಿ ಮಾಡಬೇಕು. ಮನುಷ್ಯ ಕಂಡರೆ ಕೈ ಬೀಸಬೇಡಿ, ಏಳಬೇಡಿ, ಬಾಯಿಬಿಟ್ಟು ಕೂಗಿ. ಈ ಕೊನೆಯದನ್ನು ಹೇಳುವಾಗ ಹೆರಾಲ್ಡ್ ಬೇಲಿಯ ಆಚೆ ನೋಡಿದರು.

ಆಮೇಲೆ ಒಂದು ಸಣ್ಣ ಮರದ ಪೆಟ್ಟಿಗೆ ತೆಗೆದು ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರು. ಎಣ್ಣೆ ಕಾಣದ ಬಂಡಿಯ ಅಚ್ಚು ಕಿರುಗುಟ್ಟಿದಂತೆ ಸದ್ದು ಬಂತು. ಅದು ಹೆಣ್ಣು ಟರ್ಕಿಯ ಕರೆ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಸುಮ್ಮನಿರದೆ ಉಜ್ಜುತ್ತಲೇ ಇರುವುದು. ಗಂಡು ಒಮ್ಮೆ ಉತ್ತರ ಕೊಟ್ಟಿತೆಂದರೆ ಕೈ ಬಿಗಿ ಹಿಡಿಯಬೇಕು. ಹೆಚ್ಚು ಕರೆದರೆ ಅದು ಇದ್ದಲ್ಲೇ ನಿಂತು ಇವಳೇ ಬರಲಿ ಎಂದು ಮೆರೆಯುತ್ತದೆ. ಇದನ್ನು ಗೌಡರಿಗೆ ಹೇಳಿದೆ.

"ಹಂಗಾದ್ರ ಬೀಗರಿದ್ದಂಗ ಅದ ಬಿಡ್ರಿ," ಎಂದರು ಗೌಡರು. "ಕರದಷ್ಟೂ ಬಿಗೀತಾರ, ಸುಮ್ನಿದ್ರ ತಾವೇ ಬರ್ತಾರ."

ಇದನ್ನು ಮಾತ್ರ ಉಪ್ಪು ಕಡಿಮೆ ಮಾಡದೆ ದಾಟಿಸಿದೆ. ಹೆರಾಲ್ಡ್ "ಹೌದು, ಹೌದು" ಎಂದರು. ರೂತ್ ಕಿಟಕಿಯಲ್ಲಿ ನಿಂತು ನಕ್ಕರು.

ಕಿತ್ತಾಟವಾದದ್ದು ರುಮಾಲಿಗೆ. ಬಿಳಿ ರುಮಾಲು ಕಾಡಿಗೆ ನಡೆಯದು ಎಂದರು ಹೆರಾಲ್ಡ್, ಕಂದು ಟೋಪಿಯೊಂದನ್ನು ಮುಂದೆ ಹಿಡಿದರು. "ಅಂವಗ ಹೇಳ್ರಿ, ಬೋಳ ತಲೀಲೆ ನಾ ಹೊಲಕ್ಕ ಕಾಲಿಡಂಗಿಲ್ಲ," ಎಂದರು ಗೌಡರು. "ಆ ಟೊಪ್ಪಿಗಿ ಅಂವನ ಮಗ್ಗಲಾಗೇ ಇರ್ಲಿ." ಮಧ್ಯದಲ್ಲಿ ನಾನು. ಕಡೆಗೆ ಗೌಡರು ಕಾಡಿನ ಅಂಚಿಗೆ ನಿಲ್ಲಿಸಿದ ಮೋಟಾರು ಗಾಡಿಯಲ್ಲಿ ಕೂರಬೇಕು, ರುಮಾಲು ಅವರ ಜೊತೆ ಗಾಡಿಯಲ್ಲೇ ಇರಬೇಕು, ಇಬ್ಬರೂ ಇಳಿಯಕೂಡದು ಎಂದು ರಾಜಿಯಾಯಿತು.

ಇನ್ನೊಂದು ತೊಡಕು ಉಳಿಯಿತು. ನನಗೆ ಕೇಳಿಸಿದ್ದನ್ನು ಹೆರಾಲ್ಡ್ ಅವರಿಗೆ ಹೇಗೆ ಹೇಳುವುದು? ಪಿಸುಗುಟ್ಟಿದರೆ ಅವರಿಗೆ ಕೇಳಿಸದು, ಜೋರಾಗಿ ಹೇಳಿದರೆ ಹಕ್ಕಿ ನಿಲ್ಲದು. ಅಟ್ಟದ ಮೇಲಿಂದ ಹಗ್ಗ ಎಳೆದು ಹೊಲದ ಮೂಲೆಯ ಡಬ್ಬಿ ಬಾರಿಸುತ್ತಿದ್ದುದು ನೆನಪಾಯಿತು. ಒಂದು ಹುರಿಯನ್ನು ಅವರ ಬೂಟಿಗೆ ಕಟ್ಟಿ ಇನ್ನೊಂದು ತುದಿ ನಾನು ಹಿಡಿಯುವುದು; ಒಮ್ಮೆ ಜಗ್ಗಿದರೆ ಎಡಕ್ಕೆ, ಎರಡು ಸಲ ಜಗ್ಗಿದರೆ ಬಲಕ್ಕೆ. ರೂತ್ ಬಿಡಿಸಿ ಹೇಳಿದ ಮೇಲೆ ಹೆರಾಲ್ಡ್ ಅವರಿಗೆ ಇದು ಬಹಳ ಹಿಡಿಸಿತು. ಈಗಿನ ಹಕ್ಕಿಗಳು ಮೆಲ್ಲಗೆ ಕೂಗುತ್ತವಲ್ಲ, ಇದೇ ಸರಿ ಎಂದರು.

ಓಕ್ ಮರದ ಬುಡ

ಟರ್ಕಿ ಬೇಟೆ ಎಂದರೆ ಬೇಟೆಯಲ್ಲ, ಕೂರುವುದು. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ನಸುಕಿಗೆ ಮುಂಚೆ ಎಬ್ಬಿಸುತ್ತಾರೆ, ಮಂಜಿನಲ್ಲಿ ನಡೆಸುತ್ತಾರೆ, ಒಂದು ಬೇರಿನ ಮೇಲೆ ಕೂರಿಸಿ ಮಿಸುಕಬೇಡ ಎನ್ನುತ್ತಾರೆ. ಆ ಹಕ್ಕಿಯ ಕಣ್ಣು ಭಾಳ ಚುರುಕು, ಮೂಗು ತುರಿಸಿಕೊಂಡರೂ ಹೋಯಿತು. ನನ್ನ ಮೂಗಿನ ಮೇಲೆ ಆ ಊರಿನ ನುಸಿಗಳೆಲ್ಲ ಬಂದು ಕೂತು ಎದ್ದು ಹೋದವು. ಮೊದಲು ಕಾಲಿಗೆ ಜೋಮು ಹಿಡಿಯಿತು, ಆಮೇಲೆ ಸೊಂಟಕ್ಕೆ, ಆಮೇಲೆ ಬುದ್ಧಿಗೆ. ನಿದ್ದೆ ಹತ್ತಿದರೆ ತಲೆ ಬಾಗುತ್ತದೆ, ತಲೆ ಬಾಗಿದರೆ ಹಕ್ಕಿಗೆ ಕಾಣುತ್ತದೆ.

ಬೆಳಕು ಹರಿಯುವ ಮೊದಲು ಮರದ ಮೇಲಿಂದ ಗಂಡು ಕೂಗುತ್ತದೆ. ಸಣ್ಣ ಬಾಯಿಯ ಕೊಡವನ್ನು ಒಮ್ಮೆಲೇ ಬೋರಲು ಮಾಡಿದರೆ ನೀರು ಗಳಗಳನೆ ಬರುವುದಲ್ಲ, ಹಾಗೆ. ನಾನು ಹುರಿ ಜಗ್ಗುತ್ತಿದ್ದೆ. ಹೆರಾಲ್ಡ್ ಬಂದೂಕನ್ನು ಮಡಚಿದ ಮೊಣಕಾಲ ಮೇಲಿಟ್ಟು ಆ ಕಡೆ ತಿರುಗುತ್ತಿದ್ದರು. ಪೆಟ್ಟಿಗೆ ಒಮ್ಮೆ ಕಿರುಗುಡುತ್ತಿತ್ತು. ಹಕ್ಕಿ ಇಳಿಯುತ್ತಿತ್ತು, ಕೂಗುತ್ತಿತ್ತು, ಹತ್ತಿರ ಬರುತ್ತಿತ್ತು. ಆಮೇಲೆ ಸುಮ್ಮನಾಗುತ್ತಿತ್ತು. ಹೊಸಬ ಆಗಲೇ ಏಳುತ್ತಾನೆ, ಹಕ್ಕಿ ಆಗಲೇ ಹತ್ತಿರವಿರುತ್ತದೆ ಎಂಬುದು ಹೆರಾಲ್ಡ್ ಅವರ ಮಾತು. ಸದ್ದು ನಿಂತ ಮೇಲೆ ಇನ್ನೂ ಅಷ್ಟು ಹೊತ್ತು ಕೂರಬೇಕು. ನಾವು ಕೂತೆವು. ಏನೂ ಬರಲಿಲ್ಲ. ಮರುದಿನವೂ ಅದೇ. ಅದರ ಮರುದಿನ ಮಳೆ. ಗಾಡಿಗೆ ಮರಳಿದರೆ ಗೌಡರು "ಏನಾತ್ರಿ ಇವತ್ತು?" ಎನ್ನುತ್ತಿದ್ದರು. "ಕುಂತೀವ್ರಿ" ಎನ್ನುತ್ತಿದ್ದೆ.

ಆದರೂ ಒಂದು ಮಾತು ಹೇಳಬೇಕು. ಹಕ್ಕಿ ಕೂಗಿದಾಗ ನಾನು ಜಗ್ಗಿದ ಹುರಿ ಹೆರಾಲ್ಡ್ ಅವರ ಬೂಟಿಗೆ ತಲುಪಿ, ಅವರ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಅದನ್ನು ನೋಡಿದಾಗ ನನ್ನ ಸಿಟ್ಟು ಇಳಿಯುತ್ತಿತ್ತು. ಮೊಣಕಾಲು ನೋವು ಮಾತ್ರ ಇಳಿಯುತ್ತಿರಲಿಲ್ಲ.

ತೊರೆಯ ದಂಡೆ

ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಆ ಬೆಳಿಗ್ಗೆ ಹೆರಾಲ್ಡ್ ಬೇಲಿಯ ಅಂಚಿನ ತೊರೆಯ ಹತ್ತಿರ ಕೂರೋಣ ಎಂದರು. ಹೋದ ವರ್ಷ ಜಗಳವಾದ ಜಾಗವೇ ಅದು. ಗೌಡರು ಕರಿ ಕಂಬಳಿ ಹೊದ್ದು ಗಾಡಿಯಲ್ಲಿ ಉಳಿದರು. ನಾವು ಕಾಡಿನೊಳಗೆ ನಡೆದೆವು. ಹೆರಾಲ್ಡ್ ಒಂದು ಮರಕ್ಕೆ, ನಾನು ಅವರ ಬದಿಗೆ ಹುರಿಯಷ್ಟು ದೂರದ ಇನ್ನೊಂದು ಮರಕ್ಕೆ ಒರಗಿದೆವು.

ಹಕ್ಕಿ ಕೂಗಿತು. ಎಡಕ್ಕೆ. ಒಮ್ಮೆ ಜಗ್ಗಿದೆ. ಮತ್ತೆ ಕೂಗಿತು, ಈ ಸಲ ಬಹಳ ಹತ್ತಿರ, ಎದೆ ಒಳಗೇ ಕೂಗಿದಂತೆ. ಹೆರಾಲ್ಡ್ ಕೆನ್ನೆಯನ್ನು ಬಂದೂಕಿಗೆ ಒತ್ತಿದರು. ಆಮೇಲೆ ಸುಮ್ಮನಾಯಿತು. ನಾನೂ ಉಸಿರು ಹಿಡಿದೆ. ಮಂಜಿನಲ್ಲಿ, ತೊರೆಯ ಪೊದೆಯ ಆಚೆ, ನೆಲಕ್ಕೆ ಹತ್ತಿರ, ಕಪ್ಪು ಮೈಯೊಂದು ಕಂಡಿತು. ಅದರ ಮೇಲೆ ಬಿಳಿ ತಲೆ. ಅದು ಆಚೀಚೆ ಆಡಿತು.

ಬಂತಪ್ಪಾ ಕಡೆಗೂ ಎಂದುಕೊಂಡೆ. ಅಷ್ಟರಲ್ಲಿ ಅದು ಕೆಮ್ಮಿತು.

ಒಮ್ಮೆ ಕೆಮ್ಮಿ, ಸ್ವಲ್ಪ ಬಿಟ್ಟು ಮತ್ತೊಮ್ಮೆ. ಅದು ನೆಗಡಿಯ ಕೆಮ್ಮಲ್ಲ. ಇಲ್ಲೊಬ್ಬ ಕೂತಿದ್ದೇನೆ, ಈ ಕಡೆ ಬರಬೇಡಿ ಎಂಬ ಕೆಮ್ಮು. ಆಳಂದದಲ್ಲಿ, ಅಂದೋಲಾದಲ್ಲಿ, ಹೊಲದ ಬದುವಿನಲ್ಲಿ ದಿನ ಬೆಳಗಾದರೆ ಕೇಳುವ ಕೆಮ್ಮು. ಗೌಡರು ಡಬ್ಬಿ ಹಿಡಿದು ಗಾಡಿ ಇಳಿದು ಬಂದಿದ್ದರು.

"ಗೌಡ್ರ!" ಎಂದು ಕಿರುಚಿದೆ. ಬಂದೂಕಿನ ನಳಿಗೆ ಆ ಬಿಳುಪಿನ ಕಡೆಗೆ ನಿಧಾನ ಹೊರಳುತ್ತಿತ್ತು. "ನಿಲ್ಲಿ!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಹೆರಾಲ್ಡ್ ಅವರ ಕಣ್ಣು ರೆಪ್ಪೆ ಹೊಡೆಯಲಿಲ್ಲ. ಆಗ ಭಾಷೆಯೆಲ್ಲ ಮರೆತುಹೋಗಿ, ಅಟ್ಟದ ಮೇಲಿನ ಆ ಹಳೆಯ ಕೂಗು ಹೊಟ್ಟೆಯಿಂದ ಎದ್ದು ಬಂತು, "ಹೋಽಽಽ! ಹೋಽಽಽ!" ತೊರೆಯ ಆಚೆ ಕಾಗೆಗಳು ಎದ್ದವು. ಎಡಗಡೆಯ ಪೊದೆಯಿಂದ ನಿಜವಾದ ಗಂಡು ಟರ್ಕಿ ದಡಬಡ ರೆಕ್ಕೆ ಬಡಿದು ಹಾರಿತು. ಹೆರಾಲ್ಡ್ ಇನ್ನೂ ಬಿಳಿ ತಲೆಯನ್ನೇ ನೋಡುತ್ತಿದ್ದರು. ನಾನು ಎರಡೂ ಕೈಯಿಂದ ಹುರಿಯನ್ನು ಜಗ್ಗಿ ಎಳೆದೆ. ಅವರ ಕಾಲು ಬದಿಗೆ ಜಾರಿತು, ಮೊಣಕಾಲು ಬಿತ್ತು, ನಳಿಗೆ ನೆಲಕ್ಕೆ ತಾಗಿತು. ಗುಂಡು ಹಾರಲಿಲ್ಲ.

ಅವರು ಹಾರಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಡ್ಡ ಕಾಣಲೆಂದು ಕಾಯುತ್ತಿದ್ದೆ ಎಂದು ಆಮೇಲೆ ಹೇಳಿದರು. ನಂಬುತ್ತೇನೆ. ಆಗ ಮಾತ್ರ ಹುರಿಯನ್ನು ಕೈಯಿಂದ ಬಿಡಲಿಲ್ಲ.

"ಹೀಗೆ ಎಳೆಯುವುದೇ? ಬಂದೂಕು ಹಾರಿಬಿಟ್ಟಿದ್ದರೆ?" ಎಂದು ನನ್ನ ಕಡೆ ತಿರುಗಿದರು. ಆಗ ಪೊದೆಯ ಹಿಂದಿನಿಂದ ಗೌಡರು ಧೋತರ ಸರಿಪಡಿಸಿಕೊಳ್ಳುತ್ತ ಎದ್ದು ನಿಂತರು. ಹೆರಾಲ್ಡ್ ತೋಟಾ ಹೊರಗೆ ತೆಗೆದು ಬಂದೂಕನ್ನು ನೆಲಕ್ಕಿಟ್ಟರು.

"ನೀವು ಯಾಕೆ ಕೂಗಲಿಲ್ಲ?" ಎಂದರು. "ಮೊದಲೇ ಹೇಳಿದ್ದೆನಲ್ಲ, ಮನುಷ್ಯ ಕಂಡರೆ ಕೂಗಬೇಕು ಎಂದು."

"ಕೂಗಿದೆ," ಎಂದೆ. ಅವರ ಎದುರಿಗೇ ಹೋಗಿ ನಿಂತು ಹೇಳಿದೆ. ನನ್ನ ದನಿ ಒಡೆದುಹೋಗಿತ್ತು.

"ಇಲ್ಲ. ನೀವು ಕೂಗಲಿಲ್ಲ."

ಗೌಡರಿಗೆ ತಾವು ಯಾವುದರ ಬಾಯಿಯಲ್ಲಿದ್ದೆವೆಂಬ ಪರಿವೆಯೇ ಇರಲಿಲ್ಲ. ಡಬ್ಬಿ ಹಿಡಿದು ಸಿಟ್ಟಿನಿಂದ ಬಂದರು. "ಯಾಕ್ರಿ ಸಾಹೇಬ್ರ, ಊರೆಲ್ಲ ಎಬ್ಬಸೂ ಹಂಗ ಒದರಾಕತ್ತೀರಿ? ಮನಶ್ಯಾ ಕುಂತಾನಂತ ಗೊತ್ತಾಗಂಗಿಲ್ಲೇನ್ರಿ? ಕೆಮ್ಮೇನಲ್ಲ! ಒಂದ್ ಸಲ ಕರೆದ್ರ ಸಾಕಾಗ್ತಿರ್ಲಿಲ್ಲೇನು? ನಾ ಏನ್ ಕಿವುಡ ಅದೀನೇನ್ರಿ?"

"ಅವರು ಏನು ಹೇಳುತ್ತಿದ್ದಾರೆ?" ಎಂದರು ಹೆರಾಲ್ಡ್.

ಉಪ್ಪು ಕಡಿಮೆ ಮಾಡಿ ಹೇಳಬಹುದಿತ್ತು. ಅಷ್ಟು ದಿನ ಅದನ್ನೇ ಮಾಡಿದ್ದೆ. ಆದರೆ ಸಾಕಾಗಿಹೋಗಿತ್ತು. ಇಬ್ಬರ ನಡುವೆ ಜಗ್ಗಾಡಿ ಜಗ್ಗಾಡಿ ನಾನೇ ಒಂದು ಹುರಿಯಾಗಿಬಿಟ್ಟಿದ್ದೆ. ಅವರ ಮುಖದ ಮುಂದೆ ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. "ನೀವು ಯಾಕೆ ಅ‌ಷ್ಟು ಕೂಗಿದಿರಿ ಎಂದು ನನ್ನನ್ನು ಬೈಯುತ್ತಿದ್ದಾರೆ. ಒಂದು ಸಲ ಕೂಗಿದ್ದರೆ ಸಾಕಿತ್ತಂತೆ. ನಾನೇನು ಕಿವುಡನೇ ಎಂದು ಕೇಳುತ್ತಿದ್ದಾರೆ."

ಹೆರಾಲ್ಡ್ ಬಹಳ ಹೊತ್ತು ನನ್ನ ತುಟಿಯನ್ನೇ ನೋಡಿದರು. ಆಮೇಲೆ ನಮಗೆ ಬೆನ್ನು ತಿರುಗಿಸಿ ತೊರೆಯ ಕಡೆ ಮುಖ ಮಾಡಿ ನಿಂತರು. "ಕೂಗಿ," ಎಂದರು.

ನಾನು ಕೂಗಿದೆ. "ಹೋಽಽಽ!" ಮರಳಿ ಕೂತಿದ್ದ ಕಾಗೆಗಳು ಮತ್ತೆ ಎದ್ದವು.

ಅವರು ಕಾಯುತ್ತ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ ಹೇಳಿದರು.

"ಕೂಗಿ ಎಂದೆನಲ್ಲ."

ಗೌಡರು ನನ್ನ ಮುಖ ನೋಡಿದರು, ಅವರ ಬೆನ್ನು ನೋಡಿದರು. ಎಲ್ಲ ತಿಳಿಯಿತು. ಡಬ್ಬಿಯನ್ನು ಕೆಳಗಿಟ್ಟು, ತಲೆಯ ಮೇಲಿನ ರುಮಾಲನ್ನು ಮೆಲ್ಲಗೆ ಇಳಿಸಿ ಬಗಲಲ್ಲಿ ಹಿಡಿದುಕೊಂಡರು.

ಕ್ಲೈಡ್ ಅವರ ಮೆಟ್ಟಿಲು

ಗಾಡಿ ಮನೆಯ ಕಡೆ ತಿರುಗಲಿಲ್ಲ. ಬೇಲಿ ಸುತ್ತಿ ಹೋಗಿ ಇನ್ನೊಂದು ಮನೆಯ ಮುಂದೆ ನಿಂತಿತು. ನೀವೂ ಬನ್ನಿ ಎಂದರು ಹೆರಾಲ್ಡ್ ನನಗೆ. ನಾನೂ ಇಳಿದೆ.

ಬಾಗಿಲು ತೆರೆದವರು ಸಣ್ಣ ದೇಹದ, ಕನ್ನಡಕದ ಮುದುಕರು. ಕೈಯಲ್ಲಿ ಕಾಫಿಯ ಬಟ್ಟಲು. ಹೆರಾಲ್ಡ್ ಅವರನ್ನು ನೋಡಿ ಬಟ್ಟಲು ಹಾಗೇ ನಿಂತಿತು. ಹೆರಾಲ್ಡ್ ಟೋಪಿ ತೆಗೆದು ಮೆಟ್ಟಿಲ ಕೆಳಗೆ ನಿಂತರು.

"ನೀನು ಕೂಗಿದ್ದೆ, ಕ್ಲೈಡ್," ಎಂದರು. ಕಾಡಿನ ತನಕ ಕೇಳಿಸುವಷ್ಟು ಜೋರಾಗಿ ಎಂದರು. ತಮ್ಮ ದನಿ ಎಷ್ಟು ದೊಡ್ಡದೆಂಬುದೂ ಅವರಿಗೆ ಗೊತ್ತಿರಲಿಲ್ಲ. "ನಾನು ನಿನ್ನನ್ನು ಸುಳ್ಳುಗಾರ ಎಂದೆ. ನೀನು ಕೂಗಿದ್ದೆ."

ಕ್ಲೈಡ್ ತಲೆ ತಗ್ಗಿಸಿ, ಬಟ್ಟಲಿನೊಳಗೆ ನೋಡುತ್ತ, ಬಹಳ ಮೆಲ್ಲಗೆ ಏನೋ ಹೇಳಿದರು. ತುಟಿ ಕಾಣಲಿಲ್ಲ. ನನಗೆ ಕೇಳಿಸಿತು, ಹೇಳಲೆಂದು ಬಾಯಿ ತೆರೆದೆ. ಇಷ್ಟು ದಿನ ಮಾಡಿದ ಕೆಲಸವೇ ಅದು. ಹೆರಾಲ್ಡ್ "ಹೌದು, ಹೌದು" ಎಂದು ತಲೆಯಾಡಿಸಿಬಿಡುತ್ತಾರೆ ಎಂದು ಹೆದರಿಕೆಯಾಯಿತು.

ಅವರು ತಲೆಯಾಡಿಸಲಿಲ್ಲ. ನನ್ನ ತೋಳು ಹಿಡಿದು ನನ್ನನ್ನು ತಡೆದರು.

"ಕೇಳಿಸಲಿಲ್ಲ, ಕ್ಲೈಡ್," ಎಂದರು. "ಇನ್ನೊಮ್ಮೆ ಹೇಳು."

ಕ್ಲೈಡ್ ಬಟ್ಟಲನ್ನು ಮೆಟ್ಟಿಲ ಪಕ್ಕದ ಕಟಾಂಜನದ ಮೇಲಿಟ್ಟು, ಮೆಟ್ಟಿಲಿಳಿದು ಬಂದು, ಗೆಳೆಯನ ಹೆಗಲಿಗೆ ಕೈಹಾಕಿ ಕಿವಿಯ ಹತ್ತಿರ ಬಾಯಿ ಇಟ್ಟರು. ನಾನು ತಿರುಗಿ ಗಾಡಿಯ ಕಡೆ ನಡೆದೆ. ಗೌಡರು ಕಂಬಳಿಯ ಅಂಚನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟರು.